ಕೀವು ಕಂಡರೆ ಬೈಯುತ್ತಿದ್ದವರು

ಜೇವರ್ಗಿ ಬಜಾರಿನಲ್ಲಿ ಅವರ ಔಷಧಿ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಬಂದಿದೆ. ಹೋದ ವಾರ ಆ ದಾರಿಯಲ್ಲಿ ಹೋಗುವಾಗ ಮೆಟ್ಟಿಲಿನ ಮೂಲೆ ನೋಡಿದೆ. ಗುಟ್ಕಾ ಉಗುಳಿ ಉಗುಳಿ ಕಲ್ಲು ಕೆಂಪಾಗಿತ್ತು. ಅದರ ಮೇಲೆ ಧೂಳು ಕೂತು, ಧೂಳಿನ ಮೇಲೆ ಮತ್ತೆ ಉಗುಳು ಬಿದ್ದು, ಹೆಪ್ಪುಗಟ್ಟಿದ ರಕ್ತದ ಹಾಗೆ ಕಾಣುತ್ತಿತ್ತು. ಒಂದು ನೊಣ ಅದರ ಮೇಲೆ ಕುಳಿತು ಸಾವಕಾಶವಾಗಿ ಮುಂಗಾಲು ಉಜ್ಜಿಕೊಳ್ಳುತ್ತಿತ್ತು.

ಅವರು ಇದ್ದಿದ್ದರೆ ಉಗುಳಿದವನ ಕೈಯಿಂದಲೇ ಒರೆಸಿಸುತ್ತಿದ್ದರು. ಒಬ್ಬ ಮರಿ ಪುಢಾರಿಯಿಂದ ಹಾಗೆ ಒರೆಸಿಸಿದ್ದನ್ನು ನಾನೇ ನೋಡಿದ್ದೇನೆ. "ನಿನ್ನ ಬಾಯಾಗ ಇಟ್ಕೋಳಾಕ ಆಗದ್ದು ನನ್ನ ಬಾಗಲಾಗ ಯಾಕ ಇಡ್ತೀಲೇ?" ಎಂದು ಕೇಳಿದ್ದರು. ಅವನ ಹಿಂದೆ ನಿಂತಿದ್ದ ಹಿಂಬಾಲಕರಿಗೆ ನಗು ತಡೆಯಲಾಗಲಿಲ್ಲ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮನೆಗೆ ಮಾತಾಡಿಸಲು ಹೋದಾಗ ಅಂಗಳದಲ್ಲಿ ಕೂತವರೆಲ್ಲ ಅವರ ಬೈಗುಳಗಳನ್ನೇ ನೆನೆಸಿಕೊಂಡು ಹೇಳುತ್ತಿದ್ದರು. "ನನಗ ಹಂದಿ ಅಂದಿದ್ದರು," ಎಂದ ಒಬ್ಬ, ಪದವಿ ಸಿಕ್ಕವನ ಹಾಗೆ. "ನನಗ ಹಂದಿನೂ ನಿನಗಿಂತ ವಾಸಿ ಅಂದಿದ್ದರು," ಎಂದ ಇನ್ನೊಬ್ಬ. ಸತ್ತವರ ಮನೆಯಲ್ಲಿ ಸತ್ತವರ ಬೈಗುಳ ಹೇಳಿ ಅಳುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಣಕಲು ದೇಹ, ಉದ್ದ ಮೂಗು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೂಲತಃ ಆಳಂದ ತಾಲ್ಲೂಕಿನ ಗಡಿ ಕಡೆಯವರು. ಅಫಜಲಪುರದಲ್ಲಿ ಕೆಲವು ವರ್ಷ ಅಂಗಡಿ ಇಟ್ಟು ಅಲ್ಲಿಯವರ ಜೊತೆ ಜಗಳಾಡಿ ಜೇವರ್ಗಿಗೆ ಬಂದಿದ್ದರು. ಗಡಿಯವರಾದ್ದರಿಂದ ಸಿಟ್ಟು ಬಂದರೆ ಮರಾಠಿ ಬರುತ್ತಿತ್ತು. "ಘಾಣ!" ಎನ್ನುವರು. ಹೊಲಸು, ನಾತ ಎರಡೂ ಆ ಒಂದೇ ಮಾತಿನಲ್ಲಿ ಸೇರಿವೆ. ಹಳ್ಳಿಯವರು ಅವರನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಅದಕ್ಕೂ ಬೈಸಿಕೊಳ್ಳುತ್ತಿದ್ದರು.

"ನಾ ಡಾಕ್ಟರ್ ಅಲ್ಲೋ ಮಾರಾಯ. ನನ್ನ ಕೆಲಸ ಎರಡ. ಸಾಬೂನು ಹಚ್ಚಿ ತೊಳಿ ಅನ್ನೂದು, ಇಲ್ಲಾ ದವಾಖಾನಿಗೆ ನಡಿ ಅನ್ನೂದು. ಗುಳಿಗಿ ಮುಲಾಮ ಅವೆರಡರ ನಡುವ ಬರ್ತಾವ."

ನಾನು ಆಗ ಅದೇ ಊರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಗಂಟೆ ಹೊಡೆದರೆ ಏಳಬೇಕು, ಸಾಲಿನಲ್ಲಿ ನಿಲ್ಲಬೇಕು, ಹಾಸಿಗೆಯ ಮೂಲೆ ಮಡಿಚಿರಬೇಕು. ನಾನೂ ಇಂಥದೇ ಒಂದು ಹಾಸ್ಟೆಲಿನಲ್ಲಿ ಬೆಳೆದವಳು. ಬೇರೆ ರೀತಿ ಬದುಕುವುದು ನನಗೆ ತಿಳಿಯದು. ಮಳೆಗಾಲ ಕಳೆಯುತ್ತಲೇ ಹುಡುಗಿಯರ ಕೈಕಾಲ ಮೇಲೆ ಗುಳ್ಳೆಗಳು ಎದ್ದವು. ಕೆರೆದುಕೊಂಡರು. ಗುಳ್ಳೆ ಒಡೆದು ಜೇನಿನ ಬಣ್ಣದ ಹಕ್ಕಳೆ ಕಟ್ಟಿತು, ಹಕ್ಕಳೆಯ ಕೆಳಗೆ ಕೀವು. ಅದು ಅಂಟಿ ಚಾದರ ಗಟ್ಟಿಯಾಗುತ್ತಿತ್ತು. ಊಟದ ಸಾಲಿನಲ್ಲಿ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದರಿಂದ ಹಕ್ಕಳೆ ಕೀಳುತ್ತಿದ್ದವರನ್ನು ನೋಡಿ ನನಗೆ ಊಟ ಸೇರದಾಯಿತು. ಕೆಲವರನ್ನು ಕರೆದುಕೊಂಡು ಅವರ ಅಂಗಡಿಗೆ ಹೋದೆ.

ಅವರು ಗಾಯ ನೋಡುವ ರೀತಿ ವಿಚಿತ್ರವಾಗಿತ್ತು. ಬಾಯಿಯನ್ನು ಸ್ವಂತ ಭುಜಕ್ಕೆ ಒತ್ತಿ ಹಿಡಿಯುವರು, ಕೆಟ್ಟದ್ದನ್ನು ತಿಂದವರ ಹಾಗೆ ಮುಖ ಕಿವಿಚುವರು. ಕಣ್ಣು ಮಾತ್ರ ಗಾಯ ಬಿಟ್ಟು ಅಲುಗದು. ಆಮೇಲೆ ಆ ಉದ್ದ ಮೂಗನ್ನು ಗಾಯದ ಹತ್ತಿರ ತಂದು ಒಮ್ಮೆ ಮೂಸುವರು. ಮೊದಲ ಸಲ ನೋಡಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಒಬ್ಬ ಹುಡುಗಿಗೆ ಉಗುರು ತೋರಿಸಲು ಹೇಳಿದರು. ಉಗುರಿನ ಕೆಳಗೆ ಕರಿ ಕೊಳೆ, ಕೊಳೆಯಲ್ಲಿ ಚರ್ಮದ ಚೂರು.

"ಹುಳ ಕಡದದ್ದು ಒಂದು ಸಲ. ನೀ ಕಡಕೊಂಡದ್ದು ಎಷ್ಟು ಸಲ, ಹೇಳು?"

ಹುಡುಗಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು. ಅವರು ನನ್ನ ಕಡೆ ತಿರುಗಿದರು. "ಅಕ್ಕಾರ, ಗಾದಿ ಹೊಲಿಗಿ ಬಿಚ್ಚಿ ನೋಡೀರೇನು?"

"ನಮ್ಮ ಹಾಸ್ಟೆಲ್ದಾಗ ತಿಗಣಿ ಇಲ್ಲ," ಎಂದೆ.

"ತೋಳಿನ ಮ್ಯಾಗ ನೋಡ್ರಿ. ಕಡತ ಒಂದರ ಬಾಜೂಕ ಒಂದು ಸಾಲಾಗಿ ಅವ. ಸೊಳ್ಳಿ ಹಿಂಗ ಸಾಲು ಹಿಡದು ನಿಂದ್ರಂಗಿಲ್ಲ. ನಿಮ್ಮ ಹಾಸ್ಟೆಲ್ ತಿಗಣಿ ಭಾಳ ಶಿಸ್ತಿನವು ಕಾಣ್ತಾವ."

ಹುಡುಗಿಯರು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಹಿಂತಿರುಗಿ ಬಂದವಳೇ ಒಂದು ಗಾದಿಯ ಹೊಲಿಗೆ ಬಿಚ್ಚಿಸಿದೆ. ಹೊಲಿಗೆಯ ಉದ್ದಕ್ಕೂ ಕಂದು ಬೀಜಗಳನ್ನು ಪೋಣಿಸಿದ ಹಾಗೆ ಕೂತಿದ್ದವು, ರಕ್ತ ಕುಡಿದು ಉಬ್ಬಿ. ಒಂದನ್ನು ಒರೆಸಹೋದರೆ ಬೆರಳಿಗೆ ಮೆತ್ತಿ ಆ ಮುಗ್ಗಲು ನಾತ ಬಂತು. ಸಾಬೂನು ಹಾಕಿ ಎಷ್ಟು ತೊಳೆದರೂ ಅದು ದಿನವಿಡೀ ಮೂಗಿನಲ್ಲೇ ಇತ್ತು. ಗಾದಿಗಳೆಲ್ಲ ಬಿಸಿಲಿಗೆ ಬಿದ್ದವು, ಚಾದರಗಳು ಕುದಿಯುವ ನೀರಿಗೆ ಹೋದವು. ಉಗುರು ಕತ್ತರಿಸುವುದು ಅಂದಿನಿಂದ ಬೆಳಗಿನ ಪ್ರಾರ್ಥನೆಯಷ್ಟೇ ಕಡ್ಡಾಯವಾಯಿತು.

ಬರೀ ಕೆರೆತ ಇದ್ದವರಿಗೆ ಅವರು ಕೊಟ್ಟದ್ದು ಕೆರೆತದ ಗುಳಿಗೆ, ಹಚ್ಚುವ ಗುಲಾಬಿ ಬಣ್ಣದ ನೀರು, ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡು ಎಂಬ ಮಾತು. ಕೀವು ಇದ್ದವರಿಗೆ ಡಾಕ್ಟರ ಚೀಟಿ ತರಲು ಹೇಳಿದರು. ಗುಳ್ಳೆಯ ಸುತ್ತ ಕೆಂಪು ಹರಡಿದವರಿಗೆ ಒಂದು ಕೆಲಸ ಹೆಚ್ಚು ಮಾಡುತ್ತಿದ್ದರು. ಕೆಂಪು ಎಲ್ಲಿ ಮುಗಿಯುತ್ತದೋ ಆ ಅಂಚಿನಲ್ಲೇ ಬಾಲ್ ಪೆನ್ನಿನಿಂದ ಸುತ್ತ ಗೆರೆ ಎಳೆಯುವರು. "ನಾಳಿಗಿ ನೋಡ್ರಿ. ಕೆಂಪು ಗೆರಿ ಒಳಗ ಇದ್ರ ಅದು ಸೋಲಾಕತ್ತದ. ಗೆರಿ ದಾಟಿದ್ರ ನನ್ನ ಹಂತೇಕ ಬರಬ್ಯಾಡ್ರಿ, ಸೀದಾ ದವಾಖಾನಿ."

ಹಾಸ್ಟೆಲಿನ ಹುಡುಗಿಯರಿಗೆ ಆ ಗೆರೆ ಆಟವಾಯಿತು. ಒಬ್ಬಳ ಕಾಲಿನ ಗೆರೆಗೆ ಗೆಳತಿಯರು ಎಸಳು ಬರೆದು ಹೂವು ಮಾಡಿದರು. ಮರುದಿನ ಅವಳನ್ನು ತೋರಿಸಲು ಕರೆದೊಯ್ದೆ. ಕೆಂಪು ಗೆರೆಯೊಳಗೇ ಇತ್ತು. ನನಗೆ ಸಮಾಧಾನವಾಯಿತು. ಅವರು ಬಾಯಿಯನ್ನು ಭುಜಕ್ಕೆ ಒತ್ತಿ ಬಹಳ ಹೊತ್ತು ನೋಡಿದರು.

"ನಿನ್ನಿ ನೀ ಬೀದ್ಯಾಗ ಹೋಗುವಾಗ ನೋಡೀನಿ, ಇಲ್ಲಿ ಹೂವು ಇತ್ತು. ಎಸಳು ಎಲ್ಲಿ ಹೋದ್ವು ಬೇ?"

ಹುಡುಗಿ ಜೋರಾಗಿ ಅಳಲು ಶುರು ಮಾಡಿದಳು. "ಸೂಜಿ ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನ್ರಿ!" ಕೆಂಪು ಗೆರೆ ದಾಟಿದ್ದನ್ನು ಕಂಡು ಹೆದರಿ, ಹಳೆಯ ಗೆರೆಯನ್ನು ಉಜ್ಜಿ ತೆಗೆದು, ಹೊರಗೆ ಇನ್ನೊಂದು ದೊಡ್ಡ ಗೆರೆ ತಾನೇ ಎಳೆದುಕೊಂಡಿದ್ದಳು. ದವಾಖಾನೆಯವರೆಗೂ ಅವರು ಅವಳನ್ನು ಬೈಯುತ್ತಲೇ ಬಂದರು. ವಾಪಸು ಬರುವಾಗ, "ಹುಡುಗಿ ಶಾಣ್ಯಾ ಅದಾಳ. ಮುಂದ ಸರ್ವೇ ಆಫೀಸಿಗೆ ಹಾಕ್ರಿ," ಎಂದರು.

ಅವರ ಸಿಡುಕಿಗೆಲ್ಲ ಕಾರಣ ಹುಳಗಳಲ್ಲ. ಹುಳಗಳ ಬಗ್ಗೆ ಅವರಿಗೆ ತಕರಾರು ಇರಲಿಲ್ಲ. ಕಡಿಯುವುದು ಅವುಗಳ ಧರ್ಮ. ಕಡಿದ ಮೇಲೆ ಮನುಷ್ಯರು ಅದಕ್ಕೆ ಮೆತ್ತುವ ಹೊಲಸು ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ. ಸುಣ್ಣ-ಬೆಲ್ಲ, ನೆನೆಸಿದ ತಂಬಾಕು, ಹಳೆಯ ಬ್ಯಾಟರಿ ಒಡೆದು ತೆಗೆದ ಕರಿ ಪುಡಿ, ಟ್ರ್ಯಾಕ್ಟರಿನ ಸುಟ್ಟ ಎಣ್ಣೆ, ಮೂಲೆಯ ಜೇಡರ ಬಲೆ. ಸೊನ್ನ ಹಳ್ಳಿಯ ಕಡೆಯ ಒಬ್ಬಾತ ಇರುವೆ ಕಡಿದ ಹಿಮ್ಮಡಿಗೆ ಸಗಣಿ ಮೆತ್ತಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಬಿಗಿದು ಬಂದಿದ್ದ. ಚೀಲದ ಗಂಟು ಬಿಚ್ಚಿದ ಕೂಡಲೇ ಬಂದ ನಾತಕ್ಕೆ ಅಂಗಡಿ ಖಾಲಿಯಾಯಿತು. ಒಳಗೆ ಹಸಿರು ಕಪ್ಪು ಗಸಿ. ಅದರಲ್ಲಿ ಅನ್ನದ ಅಗುಳು ಅಲುಗಿದ ಹಾಗೆ ಏನೋ ಅಲುಗಿತು. ಹುಳ. ನಾನು ಮೂಗು ಮುಚ್ಚಿಕೊಂಡು ಬೀದಿಗೆ ಓಡಿದೆ. ಅವರು ಅಲ್ಲೇ ನಿಂತು, "ಘಾಣ, ಘಾಣ" ಎಂದು ಜಪ ಮಾಡಿದ ಹಾಗೆ ಅನ್ನುತ್ತ, ಸ್ವಚ್ಛ ಅರಿವೆ ಸಡಿಲಾಗಿ ಸುತ್ತಿ, ಅವನನ್ನು ಆಟೋದಲ್ಲಿ ಕೂರಿಸಿ ದವಾಖಾನೆಗೆ ಕಳಿಸಿದರು.

ಅಂದು ಅವರು ಊಟ ಮಾಡಲಿಲ್ಲ. ಬೇಳೆಯನ್ನಂತೂ ಅವರು ಎಂದೂ ತಿನ್ನುತ್ತಿರಲಿಲ್ಲ. ತೊಗರಿಯ ಸೀಮೆಯಲ್ಲಿ ಹುಟ್ಟಿ ಬೇಳೆ ತಿನ್ನದ ಮನುಷ್ಯ! ಅವರ ಹೆಂಡತಿ ಒಮ್ಮೆ ನನ್ನ ಮುಂದೆ ಹಣೆ ಚಚ್ಚಿಕೊಂಡರು. "ಹಳದಿ ಬ್ಯಾಳಿ ನೋಡಿದ್ರ ಕೀಂವ ನೆನಪಾಗ್ತದಂತ್ರಿ ಇವರಿಗೆ. ಮದಿವ್ಯಾದಾಗಿಂದ ರೊಟ್ಟಿ, ಶೇಂಗಾ ಹಿಂಡಿ, ಒಣಾ ಒಣಾ. ನಾನೂ ಒಣಗಿ ಹೋದೆ."

ಚೀಟಿ ಇಲ್ಲದೆ ಆಂಟಿಬಯಾಟಿಕ್ ಕ್ಯಾಪ್ಸುಲ್ ಕೇಳಿದವರಿಗೆ ಕೊಡುತ್ತಿರಲಿಲ್ಲ. "ಕೆಂಪು ಕರಿದು ಎರಡು ಕೊಡ್ರಿ, ಸಣ್ಣ ಗುಳ್ಳಿ ಎದ್ದದ," ಎಂದು ಒಬ್ಬ ಹುಡುಗ ಕೇಳಿದ್ದು ನೆನಪಿದೆ. ಅವರು ಗುಳ್ಳೆ ನೋಡಿದರು. "ಬಿಸಿ ಇಲ್ಲ, ಕೀಂವ ಇಲ್ಲ, ನೋವು ಹೆಚ್ಚಾಗಾಕತ್ತಿಲ್ಲ. ಬರೇ ಕೆರತ. ಇದಕ್ಕ ಅದನ್ನ ನುಂಗಿದ್ರ, ಖರೇನ ಬೇಕಾದ ದಿನ ಅದು ಕೈ ಕೊಡ್ತದ."

"ಮುಂದಿನ ಅಂಗಡ್ಯಾಂವ ಕೊಡ್ತಾನ್ರಿ."

"ಅಂವ ಇಲಿ ಪಾಷಾಣನೂ ಕೊಡ್ತಾನ. ಎರಡೂ ತಗೊಂಡು ಬಾ, ಹೋಗು."

ಹುಡುಗ ಹೋದ. ಇಂಥ ಗಿರಾಕಿಗಳು ಬಹಳ ಮಂದಿ ಹೋದರು.

ಅವರ ಎಲ್ಲ ಬೈಗುಳವನ್ನೂ ನಾನು ಒಪ್ಪಿದವಳಲ್ಲ. ಒಬ್ಬ ಮುದುಕಿ ಮೊಮ್ಮಗುವನ್ನು ಎತ್ತಿಕೊಂಡು ಬಂದಿದ್ದಳು. ಮಗುವಿನ ಕಣ್ಣಿನ ಹತ್ತಿರ ಏನೋ ಕಡಿದು ರೆಪ್ಪೆ ಊದಿತ್ತು. ಆ ಊತದ ಮೇಲೆ ಮುದುಕಿ ತಾನು ಅಗಿದ ತಂಬಾಕನ್ನು ಉಗುಳಿ ಸವರಿದ್ದಳು. ಕಂದು ರಸ ಮಗುವಿನ ಕೆನ್ನೆಯ ಮೇಲೆ ಒಣಗಿತ್ತು. ಅವರು ಬಜಾರೆಲ್ಲ ಕೇಳುವ ಹಾಗೆ ಒದರಿದರು. ಮುದುಕಿ ಮಗುವನ್ನು ಎದೆಗೊತ್ತಿಕೊಂಡು ಅತ್ತಳು.

"ಅಷ್ಟು ಒದರಬಾರದಿತ್ತು," ಎಂದೆ ಆಮೇಲೆ.

"ಒದರಿದ್ದಕ್ಕ ಅತ್ತಳು. ಒದರದಿದ್ರ ನಾಳಿಗಿ ಮತ್ತ ಉಗುಳ್ತಿದ್ದಳು."

"ನಾಳಿಗಿ ನಿಮ್ಮ ಅಂಗಡಿಗೇ ಬರಂಗಿಲ್ಲ ಆಕಿ. ಆಮ್ಯಾಲೆ?"

ಮುದುಕಿ ಮತ್ತೆ ಬರಲಿಲ್ಲ. ಆ ಮಗುವಿಗೆ ಮುಂದೆ ಹುಳ ಕಡಿದಾಗ ಏನು ಮೆತ್ತಿದಳೋ ಗೊತ್ತಿಲ್ಲ. ಈ ಒಂದು ವಿಷಯದಲ್ಲಿ ಅವರದು ತಪ್ಪು ಎಂದು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಇನ್ನು ನಮ್ಮ ಅಣ್ಣನ ಕಾಲಿನ ಕಥೆ.

ಅಣ್ಣ ಇಜೇರಿಯಲ್ಲಿ ಇರುತ್ತಾನೆ. ಹೊಲಮನೆ ಚೆನ್ನಾಗಿದೆ. ಶುಗರ್ ಇದೆ. ಸ್ನಾನ, ಲಿಂಗಪೂಜೆ, ಆಮೇಲೆ ಚಹಾ. ಈ ಕ್ರಮ ತಪ್ಪಿದ್ದನ್ನು ನಾನು ಕಂಡಿಲ್ಲ. ನಾನು ನಿವೃತ್ತಳಾದ ಮೇಲೆ ಭಾನುವಾರ ಭಾನುವಾರ ಜೇವರ್ಗಿಯಿಂದ ಹೋಗಿ ನೋಡಿ ಬರುತ್ತೇನೆ. ಅಂಥ ಒಂದು ಭಾನುವಾರ ಹೋದಾಗ ಅಣ್ಣ ಪಡಸಾಲೆಯಲ್ಲಿ ಮಲಗಿದ್ದ. ಒಂದು ಕಾಲು ದಿಂಬಿನ ಮೇಲಿತ್ತು. ಪಾದದಿಂದ ಮೊಣಕಾಲಿನ ತನಕ ಹುರಮಂಜು ಬಳಿದಿದ್ದರು. ಹುರಮಂಜು ಎಂದರೆ ಗೋಡೆಗೆ ಸಾರಿಸುವ ಕೆಮ್ಮಣ್ಣು. ಅದರ ಮೇಲೆ ಸುಣ್ಣದಿಂದ ಒಂದು ಸಿಂಹ ಬರೆದಿದ್ದರು. ನೊಣಗಳು ಸಿಂಹಕ್ಕೆ ಹೆದರಿರಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಸೆರಗಿನಿಂದ ಅವನ್ನು ಓಡಿಸುತ್ತ ಕೂತಿದ್ದಳು.

"ಸರ್ಪಸುತ್ತು ಆಗ್ಯದ ತಂಗೆವ್ವ," ಎಂದಳು ವೈನಿ. "ಕುಂಬಾರ ಆಯಿ ಬಂದು ಬರದು ಹೋಗ್ಯಾಳ. ತಾನಾಗಿ ಉದುರೂ ತನಕ ನೀರು ತಾಕಿಸಬಾರದು. ನೀರು ತಾಕಿದ್ರ ಸರ್ಪ ಸುತ್ತು ತುಂಬ್ತದ. ತುಂಬಿದ್ರ ಮನುಷ್ಯಾ ಉಳಿಯಂಗಿಲ್ಲ."

ಮೈ ಸುತ್ತ ಉರಿಗುಳ್ಳೆ ಸಾಲಾಗಿ ಏಳುವ ಬೇನೆಗೆ ನಮ್ಮಲ್ಲಿ ಸರ್ಪಸುತ್ತು ಎನ್ನುತ್ತಾರೆ. ಸಿಂಹ ಕಂಡರೆ ಸರ್ಪ ಹೆದರುತ್ತದೆ, ಹುರಮಂಜಿನ ಗೆರೆಯನ್ನು ದಾಟಲಾರದು ಎಂಬುದು ನಂಬಿಕೆ. ಅಣ್ಣ ಸ್ನಾನ ಮಾಡುವಾಗಲೂ ಆ ಕಾಲನ್ನು ಬಚ್ಚಲ ಹೊರಗೆ ಸ್ಟೂಲಿನ ಮೇಲೆ ಇಟ್ಟು ಕೂರುತ್ತಿದ್ದನಂತೆ.

"ಮೊದಲ ಏನಾಗಿತ್ತು?" ಎಂದೆ.

"ಏನೋ ಹುಳ ಕಡೀತು, ತೊಗರಿ ಹೊಲದಾಗ," ಎಂದ ಅಣ್ಣ. "ಕೆರಕೊಂಡೆ. ಈಕಿ ಸುಣ್ಣ ಹಚ್ಚಿದಳು. ಆಮ್ಯಾಲ ತಂಬಾಕ. ಬಾವು ಬಂತು, ಕೆಂಪಾತು. ಸುತ್ತಾಗಿ ಹಬ್ಬಾಕತ್ತಿತು. ನೋಡಿದವ್ರೆಲ್ಲಾ ಸರ್ಪಸುತ್ತು ಅಂದ್ರು." ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ಹಣೆ ಸುಡುತ್ತಿತ್ತು. ಮಣ್ಣಿನ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಹಾಸ್ಟೆಲಿನ ಹಕ್ಕಳೆಗಳಿಂದ ನನಗೆ ಅದು ಪರಿಚಿತ.

ತೊಳೆಯೋಣ ಎಂದೆ. ವೈನಿ ಕಾಲಿಗೆ ಅಡ್ಡ ಕೈ ಚಾಚಿದಳು. ದವಾಖಾನೆಗೆ ನಡಿ ಎಂದೆ. "ಸರ್ಪಸುತ್ತಿಗೆ ಸೂಜಿ ಮಾಡಿಸಿದ್ರ ವಿಷ ಆಗ್ತದ. ನನ್ನ ಕೊಲ್ಲಾಕ ಬಂದೀಯೇನು?" ಎಂದ ಅಣ್ಣ. ಕಾಲಿನ ಫೋಟೋ ತೆಗೆದು ಜೇವರ್ಗಿಯ ಅಂಗಡಿಯಲ್ಲಿದ್ದ ಅವರಿಗೆ ಕಳಿಸಿದೆ. ಕೂಡಲೇ ಫೋನ್ ಬಂತು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ.

"ಅಕ್ಕಾರ, ಇದು ಕಾಲಿನ ಫೋಟೋನೋ, ಹಬ್ಬಕ್ಕ ಸಾರಿಸಿದ ಗ್ವಾಡಿ ಫೋಟೋನೋ?"

"ನಮ್ಮ ಅಣ್ಣನ ಕಾಲು."

"ಶುಗರ್ ಅದ?"

"ಅದ. ಜ್ವರ ಅದ, ಥಂಡಿ ಹತ್ತಿ ನಡಗಾಕತ್ತಾನ."

ಅವರು ಬೈಯಲಿಲ್ಲ. ಅವರು ಬೈಯದಿದ್ದಾಗ ನನಗೆ ಮೊದಲ ಸಲ ಭಯವಾಯಿತು.

"ತೊಡಿ ಸಂದಿನ್ಯಾಗ ಗಂಟು ಅದೇನು, ಒತ್ತಿದ್ರ ನೋವು ಆಗ್ತದೇನು, ಅವರ ಮನಿಯವ್ರಿಗೆ ನೋಡಾಕ ಹೇಳ್ರಿ." ನಾನು ಮುಖ ತಿರುಗಿಸಿದೆ. ವೈನಿ ನೋಡಿದಳು. ಅಣ್ಣ ನೋವಿಗೆ ಚೀರಿದ.

"ಈಗ ಬಣ್ಣ ಹಚ್ಚಿದಲ್ಲಿ ನೋಡಬ್ಯಾಡ್ರಿ, ಕೆಂಪಿನ ಮ್ಯಾಗ ಕೆಂಪು ಹಚ್ಚಿ ಕುಂತೀರಿ. ಬಣ್ಣ ಮುಗಿದಲ್ಲಿಂದ ಮ್ಯಾಗ ಏನದ? ಎರಡೂ ಕಾಲಿಗೆ ಕೈ ಬೆನ್ನು ಹಚ್ಚಿ ನೋಡ್ರಿ."

ಧೋತರ ಸರಿಸಿ ನೋಡಿದೆ. ಹುರಮಂಜಿನ ಅಂಚು ಮೊಣಕಾಲಿನ ಕೆಳಗೆ ನೇರವಾಗಿ ನಿಂತಿತ್ತು. ಅಂಚಿನ ಮೇಲೆ ಚರ್ಮ ಬಿಗಿದು ಮಿಂಚುತ್ತಿತ್ತು. ನಾಲ್ಕು ಬೆರಳು ಅಗಲ ಕೆಂಪು. ಅಲ್ಲಿಂದ ತೊಡೆಯ ಒಳಬದಿಗೆ ಒಂದು ಕೆಂಪು ಗೀರು ಮೇಲೇರಿತ್ತು. ಕೈಯ ಹಿಂಬದಿ ತಾಗಿಸಿದರೆ ಹಂಚಿನಷ್ಟು ಬಿಸಿ. ಇನ್ನೊಂದು ಕಾಲು ತಣ್ಣಗಿತ್ತು. ಕಂಡದ್ದನ್ನು ಹಾಗೇ ಹೇಳಿದೆ.

ಅವರು ಅಣ್ಣನ ಹತ್ತಿರ ಫೋನ್ ಹಿಡಿಯಲು ಹೇಳಿದರು. ಅಷ್ಟು ಮೆತ್ತಗಿನ ದನಿಯನ್ನು ಅವರಿಂದ ನಾನು ಎಂದೂ ಕೇಳಿರಲಿಲ್ಲ.

"ಗೌಡ್ರ, ಸರ್ಪ ಹುರಮಂಜಿನ ಗೆರಿ ದಾಟ್ತದೇನ್ರಿ?"

"ದಾಟಂಗಿಲ್ಲ. ಅದಕ್ಕ ಹಚ್ಚೂದು."

"ನಿಮ್ಮ ತಂಗಿ ಹೇಳಿದ್ದು ಕೇಳಿದ್ರಿಲ್ಲ? ಗೆರಿ ದಾಟಿ ನಾಕು ಬೆರಳು ಮ್ಯಾಗ ಬಂದದ. ಹಂಗಾರ ದಾಟಿದ್ದು ಯಾರು?"

ವೈನಿಯ ಸೆರಗು ನಿಂತಿತು. ನೊಣಗಳು ಬಂದು ಕೂತವು. ಅಣ್ಣ ಮೊಣಕೈ ಊರಿ ಎದ್ದು ತನ್ನ ಕಾಲನ್ನು ತಾನೇ ನೋಡಿದ.

"ಕುಂಬಾರ ಆಯಿನ್ನ ಕರೀರಿ," ಎಂದ.

ಕುಂಬಾರರ ಮುದುಕಿ ಬಂದಳು. ಬಗ್ಗಿ ಬರಿಗೈಯಿಂದ ಅಂಚನ್ನು ಮುಟ್ಟಿ, ಗೀರಿನ ಗುಂಟ ಕಣ್ಣು ಹಾಯಿಸಿದಳು. "ದಾಟ್ಯದ," ಎಂದಳು. "ಇದು ನಂದಲ್ಲಪ್ಪಾ. ನಂದಿದ್ರ ನಿಲ್ತಿತ್ತು. ದವಾಖಾನಿಗೆ ಒಯ್ಯಿರಿ." ಹಚ್ಚಿದವರೇ ತೆಗೆಯಬೇಕಂತೆ. ಬೇರೆಯವರು ಮುಟ್ಟುವಂತಿಲ್ಲ. ಉಗುರು ಬೆಚ್ಚಗಿನ ನೀರು ತರಿಸಿ ತಾನೇ ಕೂತು, ಉಜ್ಜದೆ, ಸುರಿದು ಸುರಿದು ಸಿಂಹವನ್ನು ಕರಗಿಸಿದಳು.

ಕೆಳಗೆ ಇದ್ದದ್ದನ್ನು ಬರೆಯಲೇಬೇಕು. ಸುಣ್ಣ ತಿಂದ ಚರ್ಮ ಬೆಂದ ಬದನೆಕಾಯಿಯ ಸಿಪ್ಪೆಯ ಹಾಗೆ ಸುಲಿದಿತ್ತು. ತಂಬಾಕಿನ ಎಸಳು ಗಾಯದೊಳಗೇ ಹೂತು ಕೂತಿತ್ತು. ನಡುವೆ ಒಂದು ತೂತು. ನೀರು ಬಿದ್ದ ಕೂಡಲೇ ಅಲ್ಲಿಂದ ಹಸಿರು ಹಳದಿ ಕೀವು ತಾನಾಗಿ ಉಕ್ಕಿ ಪಾದದ ತನಕ ಇಳಿಯಿತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ವೈನಿ ಗೋಡೆಗೆ ಮುಖ ಮಾಡಿ ವಾಂತಿ ಮಾಡಿದಳು. ಫೋನಿನಲ್ಲಿ ಅವರು ಕೂಗುತ್ತಿದ್ದರು: "ಹಿಂಡಬ್ಯಾಡ್ರಿ! ಒತ್ತಬ್ಯಾಡ್ರಿ! ಮತ್ತೇನೂ ಮೆತ್ತಬ್ಯಾಡ್ರಿ! ಸಾಫ್ ಅರಿವಿ ಸಡ್ಲ ಸುತ್ತಿ ಸೀದಾ ಕಲಬುರಗಿಗೆ ಒಯ್ಯಿರಿ. ನನ್ನ ಅಂಗಡಿ ಮುಂದ ನಿಂದ್ರಿಸಿದ್ರ ನಿಮ್ಮ ಗಾಡಿ ಗಾಜು ಒಡಿತೇನಿ!"

ನಿಲ್ಲಿಸಲಿಲ್ಲ. ದವಾಖಾನೆಯಲ್ಲಿ ಡಾಕ್ಟರು, ಮೊಣಕಾಲಿನ ಮೇಲೆ ಕತ್ತರಿಸುವ ಮಾತು ಮೊದಲು ಆಡಿದರು. ಆಮೇಲೆ, ನೋಡೋಣ ಎಂದರು. ಸೀಳಿ ತೆರೆದು ಕೊಳೆತದ್ದನ್ನೆಲ್ಲ ತೆಗೆದರು. ದಿನಾಲೂ ಪಟ್ಟಿ ಬಿಚ್ಚುವಾಗ ಅಣ್ಣ ನನ್ನ ಕೈ ಹಿಡಿದು, "ಕಾಲು ಅದ ಏನು?" ಎಂದು ಕೇಳುತ್ತಿದ್ದ. ಕಾಲು ತನಗೆ ಅಂಟಿಕೊಂಡೇ ಇದ್ದರೂ ಅವನಿಗೆ ನಂಬಿಕೆ ಇರಲಿಲ್ಲ. ಕಡೆಗೆ ಕಾಲು ಉಳಿಯಿತು.

ಊರಿಗೆ ಬಂದವಳು ಮೊದಲು ಅವರಿಗೆ ಸುದ್ದಿ ಹೇಳಲು ಅಂಗಡಿಗೆ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: "ಕೀಂವ ಯಾವ ಬಣ್ಣ ಇತ್ತ್ರಿ? ವಾಸನಿ ಹ್ಯಾಂಗಿತ್ತು?"

ನನಗೆ ರೇಗಿತು. "ಹೇಸಿಕಿ ಅನ್ನೂದು ನಿಮಗ ಇಲ್ಲೇನು?"

"ನನಗ ಇದ್ದಷ್ಟು ಈ ಜೇವರ್ಗ್ಯಾಗ ಯಾರಿಗೂ ಇಲ್ಲ," ಎಂದರು. ನಿಜವಾಗಿಯೂ ನೊಂದ ಹಾಗೆ ಕಂಡರು. "ಹೇಸಿಕಿ ಬರಬೇಕ್ರಿ ಅಕ್ಕಾರ. ಬಂದ್ರ ತೊಳೀತೀವಿ. ನಿಮ್ಮ ವೈನಿಗೆ ಹೇಸಿಕಿ ಬರ್ಲಿಲ್ಲ, ಕಾಳಜಿ ಬಂತು. ಕಾಳಜಿಲೇ ಸುಣ್ಣ ಹಚ್ಚಿದ್ರು, ಕಾಳಜಿಲೇ ತಂಬಾಕ ಹಚ್ಚಿದ್ರು, ಕಾಳಜಿಲೇ ಮುಚ್ಚಿದ್ರು. ಒಳಗ ಕೊಳೀತು."

ನಾನು ವೈನಿಯ ಪರವಾಗಿ ಏನೋ ಹೇಳಲು ಹೋದೆ. ಅವರು ಆಗಲೇ ಬೇರೆ ಯಾರನ್ನೋ ಬೈಯಲು ಶುರು ಮಾಡಿದ್ದರು.

ನಡೆಯಲು ಬಂದ ಮೇಲೆ ಅಣ್ಣ ಅವರನ್ನು ನೋಡಲೇಬೇಕೆಂದು ಹಟ ಹಿಡಿದ. ಕೋಲು ಊರಿಕೊಂಡು, ಇಸ್ತ್ರಿ ಧೋತರ ಉಟ್ಟು, ಶಾಲು ಕಾಯಿ ಹಿಡಿದು ಬಂದ. ಶಾಲನ್ನು ಅವರು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಇಟ್ಟರು.

"ಕಾಲು ತೋರಸ್ರಿ."

ಅಣ್ಣ ಧೋತರ ಎತ್ತಿ ತೋರಿಸಿದ. ಕಣಕಾಲಿನಲ್ಲಿ ಒಂದು ಮುಷ್ಟಿ ಹಿಡಿಸುವಷ್ಟು ತಗ್ಗು, ಅದರ ಮೇಲೆ ಹೊಸ ಚರ್ಮ, ಬಾಳೆಹೂವಿನ ಒಳಪದರದ ಬಣ್ಣ. ಒಣಗಿತ್ತು, ತಣ್ಣಗಿತ್ತು. ಅಣ್ಣ ಹೊಗಳಿಕೆಗೆ ಕಾದು ನಿಂತ. ನಾನೂ ಒಂದು ಒಳ್ಳೆಯ ಮಾತಿಗೆ ಕಾದೆ. ಅವರು ಆ ಕಾಲನ್ನು ಬಿಟ್ಟು ಇನ್ನೊಂದನ್ನು ನೋಡುತ್ತಿದ್ದರು. ಅದರ ಪಾದದ ಮೇಲೆ ಬೆಳ್ಳಗೆ ಏನೋ ಮೆತ್ತಿ ಒಣಗಿತ್ತು. ಅಂಚಿನಲ್ಲಿ ಕೆರೆದ ಗುರುತು.

"ಇದೇನ್ರಿ ಗೌಡ್ರ?"

"ಏನಿಲ್ಲ ಬಿಡ್ರಿ," ಎಂದ ಅಣ್ಣ, ಧೋತರ ಇಳಿಸುತ್ತ. "ನಮ್ಮಾಕಿ ಹಲ್ಲಿನ ಪೇಸ್ಟ್ ಜರಾ ಹಚ್ಯಾಳ. ಬರೇ ಹುಳ ಕಡದದ."

"ಅದೂ ಬರೇ ಹುಳಾನ ಕಡದಿತ್ತಲ್ರಿ."

ಅಣ್ಣ ನನ್ನನ್ನು ನೋಡಿದ. ನಾನು ಅವನ ಸಹಾಯಕ್ಕೆ ಹೋಗಲಿಲ್ಲ. ಬಜಾರು ತುಂಬ ಜನ ಇದ್ದರು. ಊರಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದ ಮನುಷ್ಯ ಕೋಲನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಕಳಚಿ, ಧೋತರವನ್ನು ಮತ್ತೆ ಮೇಲೆತ್ತಿ ಹಿಡಿದ.

"ನೀರು ಎಲ್ಲಿ ಅವ್ರಿ?" ಎಂದು ಕೇಳಿದ.